ಒರೆಯೊಳಗೆ ಕಾಯುವ ಚಾಕು

ಸ್ಕೂಬಾ ಡೈವರ್‌ಗಳು ಕಾಲಿಗೋ ಸೊಂಟದ ಪಟ್ಟಿಗೋ ಸಿಕ್ಕಿಸಿಕೊಳ್ಳುವ ಪುಟ್ಟ ಚಾಕು ಶಾರ್ಕ್ ಬಂದರೆ ಹೋರಾಡಲು ಇರುವುದೆಂದು ಸಿನಿಮಾ ನೋಡಿದವರು ನಂಬಿದ್ದಾರೆ. ಅದರ ಕೆಲಸ ಬೇರೆ. ಕಡಲಿನ ಬಂಡೆಗಳಿಗೆ ಸಿಕ್ಕಿ ಹರಿದುಳಿದ ಬಲೆ, ಗಾಳದ ನೈಲಾನ್ ದಾರ, ಹಗ್ಗದ ತುಂಡು, ಇವುಗಳಲ್ಲಿ ಕಾಲೋ ಸಿಲಿಂಡರಿನ ಕತ್ತೋ ತೊಡರಿಕೊಂಡಾಗ ಬಿಡಿಸಿಕೊಳ್ಳಲು ಅದು ಬೇಕು. ಗಾಳದ ದಾರ ನೀರಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಎಳೆದಷ್ಟೂ ಬಿಗಿಯುತ್ತದೆ. ಮುರ್ಡೇಶ್ವರದ ಆಚೆಯ ನೇತ್ರಾಣಿಯಂತೆ ಮೀನುಗಾರಿಕೆಯೂ ಡೈವಿಂಗೂ ಒಂದೇ ಕಡಲನ್ನು ಹಂಚಿಕೊಂಡಿರುವ ಕಡೆ ಈ ಅಪಾಯ ದೂರದ ಮಾತಲ್ಲ. ಹಾಗಿದ್ದೂ ಒಬ್ಬ ಡೈವರ್‌ಗೆ ಚಾಕುವನ್ನು ನಿಜವಾಗಿ ಬಳಸುವ ಪ್ರಸಂಗ ವರ್ಷಗಟ್ಟಲೆ ಬಾರದೇ ಇರಬಹುದು. ಅಷ್ಟು ಕಾಲವೂ ಅದು ಉಪ್ಪುನೀರು ಕುಡಿದ ಒರೆಯೊಳಗೆ ಸುಮ್ಮನೆ ಕುಳಿತಿರುತ್ತದೆ. ನನ್ನ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಅಡುಗೆಮನೆಯ ಚಾಕು ಕೊಯ್ದು ಕೊಯ್ದು ಮೊಂಡಾಗುತ್ತದೆ, ಡೈವಿಂಗ್ ಚಾಕು ಕಾದು ಕಾದು ಹಾಳಾಗುತ್ತದೆ. ಆದ್ದರಿಂದ ಅದರ ಲೋಹವನ್ನು ಆರಿಸುವಾಗ ಹರಿತ ಎಷ್ಟು ದಿನ ನಿಲ್ಲುತ್ತದೆ ಎನ್ನುವುದಕ್ಕಿಂತ ಮೊದಲು, ತುಕ್ಕನ್ನು ಎಷ್ಟು ತಡೆಯುತ್ತದೆ ಎಂದು ಕೇಳಬೇಕು.

ಸ್ಟೇನ್‌ಲೆಸ್ ಸ್ಟೀಲ್ ಅಂದ ಮೇಲೆ ತುಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಈ ಹೆಸರಿನಡಿ ನೂರಾರು ಬಗೆಯ ಉಕ್ಕುಗಳಿವೆ. ಎಲ್ಲವುಗಳಲ್ಲೂ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಮನೆಯ ಪಾತ್ರೆಗಳ ತಳದಲ್ಲಿ 18/8 ಎಂದು ಒತ್ತಿರುವುದನ್ನು ನೋಡಿರುತ್ತೀರಿ. ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಎಂದು ಅದರರ್ಥ. ಸಾರು ಕುದಿಸಲು ಒಳ್ಳೆಯ ಲೋಹ, ಆದರೆ ಎಷ್ಟೇ ಕಾಯಿಸಿ ನೀರಿಗದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಅಲಗಿಗೆ ಹದ ಕೊಡಬೇಕಾದರೆ ಉಕ್ಕಿನಲ್ಲಿ ಇಂಗಾಲ ಬೇಕು. ತೊಡಕು ಹುಟ್ಟುವುದೇ ಇಲ್ಲಿ. ಚಾಕು ಪ್ರಿಯರು ಹೊಗಳುವ 440ಸಿ ಉಕ್ಕಿನಲ್ಲಿ ಶೇ. 17ರ ಆಸುಪಾಸು ಕ್ರೋಮಿಯಂ ಇದೆ, ಜೊತೆಗೆ ಶೇ. 1ರಷ್ಟು ಇಂಗಾಲವೂ ಇದೆ. ಆ ಇಂಗಾಲ ಕ್ರೋಮಿಯಂನ ಗಣನೀಯ ಪಾಲನ್ನು ಹಿಡಿದು ಗಟ್ಟಿ ಹರಳುಗಳಾಗಿ ಕಟ್ಟಿಹಾಕುತ್ತದೆ. ಹರಿತ ನಿಲ್ಲುವುದು ಆ ಹರಳುಗಳಿಂದಲೇ. ಪೊರೆ ಕಟ್ಟಲು ಕ್ರೋಮಿಯಂ ಸಾಲದಾಗುವುದೂ ಅವುಗಳಿಂದಲೇ. ಅಗ್ಗದ ಡೈವಿಂಗ್ ಚಾಕುಗಳಲ್ಲಿ ಬಳಸುವ 420 ಉಕ್ಕಿನಲ್ಲಿ ಇಂಗಾಲ ಕಡಿಮೆ, ಕ್ರೋಮಿಯಂ ಕೂಡ ಶೇ. 12ರಿಂದ 14 ಮಾತ್ರ. ಪೊರೆ ಅಲ್ಲೂ ಬಲವಾದದ್ದಲ್ಲ.

ಸಮುದ್ರದ ನೀರು ಈ ಪೊರೆಯನ್ನು ಸವೆಸುವುದಿಲ್ಲ, ಚುಚ್ಚುತ್ತದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರೈಡ್. ಅದು ಪೊರೆಯ ದುರ್ಬಲ ಜಾಗ ಹುಡುಕಿ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ. ಗುಳಿಯೊಳಗೆ ಆಮ್ಲಜನಕ ಮುಟ್ಟುವುದಿಲ್ಲ, ನೀರು ಆಮ್ಲವಾಗುತ್ತದೆ, ಇನ್ನಷ್ಟು ಕ್ಲೋರೈಡ್ ಒಳಗೆ ಸೆಳೆಯಲ್ಪಡುತ್ತದೆ, ಗುಳಿ ತನ್ನನ್ನು ತಾನೇ ಆಳವಾಗಿಸಿಕೊಳ್ಳುತ್ತಾ ಹೋಗುತ್ತದೆ. ಬಿಗಿಯಾದ ಒರೆ, ಹಿಡಿಯೊಳಗಿನ ಸಂದು, ತಿರುಪಿನ ಬುಡ, ಇವೆಲ್ಲ ಗಾಳಿಯಾಡದ, ಉಪ್ಪುನೀರು ನಿಲ್ಲುವ ಜಾಗಗಳೇ. ಮೇಲೆ ಕಾಣುವ ಕೆಂಪು ಕಲೆಯಿಂದ ಅಲಗೇನೂ ಮುರಿಯುವುದಿಲ್ಲ. ಆದರೆ ಅಲಗಿನ ಅತ್ಯಂತ ತೆಳುವಾದ ಭಾಗ ಬಾಯಿ. ಅಲ್ಲಿ ನಾಲ್ಕು ಗುಳಿ ಬಿದ್ದರೆ ಒಂದು ದಾರವನ್ನೂ ಕತ್ತರಿಸದ ಚಾಕು ಮೊಂಡಾಗಿರುತ್ತದೆ. ಹರಿತ ಉಳಿಸುವ ಉಕ್ಕು ಎಂದು 440ಸಿ ಕೊಂಡವರ ಲೆಕ್ಕ ತಪ್ಪುವುದು ಇಲ್ಲಿಯೇ.

ಟೈಟಾನಿಯಂ ಈ ಜಂಜಾಟದಿಂದ ಹೊರಗಿದೆ. ಅದರ ಮೇಲಿನ ಆಕ್ಸೈಡ್ ಪೊರೆಯನ್ನು ಸಾಮಾನ್ಯ ತಾಪಮಾನದ ಸಮುದ್ರದ ನೀರು ಏನೂ ಮಾಡಲಾರದು. ತೂಕದಲ್ಲಿ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು. ಅಯಸ್ಕಾಂತಕ್ಕೆ ಅಂಟದ ಕಾರಣ ಸಮುದ್ರದ ಮೈನ್‌ಗಳನ್ನು ತೆಗೆಯುವ ನೌಕಾಪಡೆಯ ಡೈವರ್‌ಗಳಿಗೂ ಅದು ಬೇಕು. ಟೈಟಾನಿಯಂ ಮೆದು, ಹರಿತ ನಿಲ್ಲುವುದಿಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಬೆರೆಸಿದ ಪ್ರಸಿದ್ಧ ಮಿಶ್ರಲೋಹದ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 36. ಒಳ್ಳೆಯ ಚಾಕುವಿನ ಉಕ್ಕು 56ರಿಂದ 60ರ ನಡುವೆ ಇರುತ್ತದೆ. ದಿನಕ್ಕೆ ನೂರು ಮೀನು ಕೊಯ್ಯುವವರಿಗೆ ನಾನೂ ಅದನ್ನು ಹೇಳುವುದಿಲ್ಲ. ಆದರೆ ಇಲ್ಲಿ ಚಾಕು ಮಾಡಬೇಕಾದದ್ದು ಯಾವಾಗಲೋ ಒಮ್ಮೆ ನಾಲ್ಕೈದು ದಾರ ಕತ್ತರಿಸುವ ಕೆಲಸ. ಗರಗಸದಂತೆ ಹಲ್ಲು ಕೊರೆದ ಬಾಯಿಯಿದ್ದರೆ ಅಷ್ಟನ್ನು ಅದು ಧಾರಾಳವಾಗಿ ಮಾಡುತ್ತದೆ. ಹಿಂದಿನ ಸಾಣೆಯ ಹರಿತವನ್ನು ಮುಂದಿನ ವರ್ಷಕ್ಕೂ ಹಾಗೆಯೇ ಇಟ್ಟುಕೊಂಡಿರುತ್ತದೆ.

ಗಡಸುತನವೂ ಬೇಕು, ತುಕ್ಕೂ ಬೇಡ ಎನ್ನುವವರಿಗೆ ಇನ್ನೊಂದು ದಾರಿ ತೆರೆದಿದೆ. ಇಂಗಾಲದ ಬಹುಪಾಲು ಕೆಲಸವನ್ನು ಸಾರಜನಕಕ್ಕೆ ಒಪ್ಪಿಸುವುದು ಆ ದಾರಿ. ಸಾರಜನಕವೂ ಉಕ್ಕನ್ನು ಗಡಸಾಗಿಸುತ್ತದೆ, ಆದರೆ ಇಂಗಾಲದಂತೆ ಕ್ರೋಮಿಯಂ ದೋಚುವುದಿಲ್ಲ; ಗುಳಿ ಬೀಳುವುದನ್ನೂ ತಡೆಯುತ್ತದೆ. ಜಪಾನಿನ ಎಚ್1, ಬೇರಿಂಗ್‌ಗಳ ಲೋಕದಿಂದ ಬಂದ ಎಲ್‌ಸಿ200ಎನ್ ಇಂಥವು. ಎರಡನೆಯದು ಚಾಕುವಿಗೆ ಬೇಕಾದ ಪೂರ್ತಿ ಗಡಸುತನ ಮುಟ್ಟಿಯೂ ಉಪ್ಪುನೀರಿಗೆ ಜಗ್ಗುವುದಿಲ್ಲ. ವಾರವಿಡೀ ನೀರಿಗಿಳಿದು ಹಗ್ಗ, ಬಲೆ ಕತ್ತರಿಸುವ ವೃತ್ತಿಪರರಿಗೆ ನನ್ನ ಆಯ್ಕೆ ಇದು.

ಸಿಹಿನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಸವರಿದರೆ 420 ಉಕ್ಕೂ ಬಾಳುತ್ತದಲ್ಲ, ಇಷ್ಟು ದುಡ್ಡು ಏಕೆ ಎಂದು ಕೇಳಬಹುದು. ಬಾಳುತ್ತದೆ, ಪ್ರತಿ ಸಲವೂ ಅಷ್ಟು ಮಾಡಿದರೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಡೈವಿಂಗ್ ನಿಂತು, ಚಾಕು ತಿಂಗಳುಗಟ್ಟಲೆ ಆರ್ದ್ರ ಗಾಳಿಯಲ್ಲಿ ಚೀಲದ ತಳ ಸೇರುತ್ತದೆ. ಸೀಸನ್ನಿನ ಕೊನೆಯ ದಿನ ಒಂದೇ ಒಂದು ಬಾರಿ ತೊಳೆಯಲು ಮರೆತರೂ ಸಾಕು. ಜೀವಕ್ಕೆ ಆಸರೆಯಾದ ಸಾಧನವೊಂದು ಮರೆವನ್ನು ತಾಳಿಕೊಳ್ಳುವಂತಿರಬೇಕು. ಹೆಚ್ಚಿನ ಬೆಲೆ ಕೊಡುವುದು ಆ ತಾಳಿಕೆಗಾಗಿ. ಅಷ್ಟು ಖರ್ಚು ಮಾಡಲಾಗದವರು ದೊಡ್ಡ ಅಗ್ಗದ ಚಾಕುವಿನ ಬದಲು ಟೈಟಾನಿಯಂನ ಪುಟ್ಟ ಚಾಕು ಕೊಳ್ಳುವುದು ಲೇಸು. ದಾರ ಕತ್ತರಿಸಲು ಬೆರಳುದ್ದದ ಅಲಗು ಸಾಕು. ಅಂಗಡಿಯಲ್ಲಿ ಅಲಗಿನ ಹೆಸರು ಓದಿ ಸುಮ್ಮನಾಗದೆ ಹಿಡಿಯ ತಿರುಪು ಯಾವ ಲೋಹದ್ದೆಂದೂ ಕೇಳಿ. ಟೈಟಾನಿಯಂಗೆ ತಾಗಿಕೊಂಡ ಮಾಮೂಲಿ ಉಕ್ಕಿನ ತಿರುಪು ಉಪ್ಪುನೀರಿನಲ್ಲಿ ಒಂಟಿಯಾಗಿದ್ದಾಗಿನದಕ್ಕಿಂತ ಬೇಗ ಕರಗುತ್ತದೆ, ಅದು ಕರಗಿದ ದಿನ ಹಿಡಿ ಕೈಯಲ್ಲಿ ಉಳಿದು ಅಲಗು ತಳಕ್ಕೆ ಹೋಗುತ್ತದೆ.