ಅಂಕೋಲೆಗೆ ಗೋಖಲೆ ಬಂದ ದಾರಿ

ಅಂಕೋಲೆಯವರ ಬಾಯಲ್ಲಿ ಅದು ಜಿ.ಸಿ. ಕಾಲೇಜು. ಬಿಡಿಸಿ ಹೇಳಿದರೆ ಗೋಖಲೆ ಸೆಂಟಿನರಿ ಕಾಲೇಜು. ರತ್ನಾಗಿರಿ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ಬಾಳಿದ ಗೋಪಾಲ ಕೃಷ್ಣ ಗೋಖಲೆಯವರ ಹೆಸರು ಉತ್ತರ ಕನ್ನಡ ಕರಾವಳಿಯ ಈ ಊರಿಗೆ ಹೇಗೆ ಬಂತು? ಅವರು ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಈ ಹೆಸರಿಟ್ಟವರು ಅಲಗೇರಿಯ ದಿನಕರ ದೇಸಾಯಿ. ಅದರ ಜಾಡು ಹಿಡಿದು ಹೊರಟರೆ, ಇಂದಿಗೂ ಜನ ವಾದಿಸುವ ಒಂದು ಪ್ರಶ್ನೆ ಎದುರಾಗುತ್ತದೆ: ಮಿಷನ್ ಕೆಲಸ ಎಂದರೆ ಧರ್ಮಪ್ರಚಾರವೋ, ಜನಸೇವೆಯೋ?

ನಮ್ಮ ಕರಾವಳಿಗೆ ಈ ಪ್ರಶ್ನೆ ಹಳೆಯದು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರು ಬಂದದ್ದು ಸುವಾರ್ತೆ ಸಾರಲಿಕ್ಕೆ. ಹಂಚು ಸುಡುವ ಯೋಚನೆ ಅವರಲ್ಲಿ ಇರಲಿಲ್ಲ. ಆದರೆ ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕಿದರು, ಜಾತಿಯವರು ಕೈಬಿಟ್ಟರು. ಹಾಗೆ ಬಂದ ಬಿಲ್ಲವರಲ್ಲಿ ಹಲವರಿಗೆ ಹೆಂಡ ಇಳಿಸುವ ಮೂರ್ತೆಯ ಕಸುಬೇ ಅನ್ನ. ಮಿಷನ್ನಿಗೆ ಹೆಂಡದ ಕಸುಬು ಒಪ್ಪಿಗೆಯಿಲ್ಲ. ಹೊಸ ಧರ್ಮ ಸಿಕ್ಕಿತು, ಹಳೆಯ ಹೊಟ್ಟೆಪಾಡು ಹೋಯಿತು. ಈ ಜನಕ್ಕೆ ಕೆಲಸ ಹುಡುಕುವ ಹೊಣೆ ಪಾದ್ರಿಗಳ ಹೆಗಲಿಗೆ ಬಿತ್ತು. ಬೇಸಾಯದಂಥ ಪ್ರಯತ್ನಗಳು ಕೈಗೂಡಲಿಲ್ಲ. ನೇಯ್ಗೆ ಕೈಹಿಡಿಯಿತು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕಾರವಾರ, ಅಂಕೋಲೆಗಳ ಮಾಡುಗಳ ಮೇಲೆ ಇಂದಿಗೂ ಮಳೆ ತಡೆಯುವ ಮಂಗಳೂರು ಹಂಚಿನ ಮೂಲ ಅದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೇವೆಯ ಆಸೆ ತೋರಿಸಿ ಜನರನ್ನು ಮತಕ್ಕೆ ಎಳೆದರು ಎಂಬ ಮಾತು ಸುಲಭವಾಗಿ ಬರುತ್ತದೆ. ಬಾಸೆಲ್‌ನವರ ಕಾರ್ಖಾನೆಯ ಕಥೆಯಲ್ಲಿ ಕ್ರಮ ತಿರುವುಮುರುವು: ಮತಾಂತರ ಮೊದಲು, ಅದರಿಂದ ಹುಟ್ಟಿದ ಸಂಕಟ ಆಮೇಲೆ, ಕೆಲಸ ಕೊನೆಗೆ. ಜಾತಿಯ ಅವಮಾನದಿಂದ ಬಿಡುಗಡೆ ಬಯಸಿ ಮನಸಾರೆ ಆ ಕಡೆ ಹೋದವರನ್ನು ನಾನು ಹಗುರಾಗಿ ಕಾಣಲಾರೆ. ಆದರೂ ಆ ಸೇವೆಗೆ ಒಂದು ಬೇಲಿ ಇತ್ತು. ಮೊದಮೊದಲು ಅದು ಮುಖ್ಯವಾಗಿ ತಮ್ಮ ಸಭೆಯವರಿಗೆ.

ಬೇಲಿ ದಾಟಿದವರೂ ಇದ್ದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಹಂಚತೊಡಗಿದರು. ಹತ್ತು ವರ್ಷದ ಬಳಿಕ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಕಂಕನಾಡಿಯ ದೊಡ್ಡ ಆಸ್ಪತ್ರೆ ಬೆಳೆದದ್ದು ಆ ಔಷಧದ ಪೆಟ್ಟಿಗೆಯಿಂದ.

ಅದೇ ಕಾಲಕ್ಕೆ, 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಕಾರವಾರದ ಕಡಲ ಬದಿಯಲ್ಲಿ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಲೋಕದ ನಂಟನ್ನೆಲ್ಲ ಹರಿದುಕೊಂಡ ಸನ್ಯಾಸಿಯೊಬ್ಬನನ್ನು ಎಲ್ಲರೂ ದೂರ ತಳ್ಳಿದ ಅನಾಥ ಹುಡುಗಿಯ ಅಕ್ಕರೆ ಮತ್ತೆ ಮನುಷ್ಯರ ನಡುವೆ ಕರೆತರುತ್ತದೆ. ಪಾದ್ರಿಗಳಿಗೂ ಈ ನಾಟಕಕ್ಕೂ ಸಂಬಂಧವಿಲ್ಲ, ಬಲ್ಲೆ. ಆದರೆ ದೇವರನ್ನು ಹುಡುಕುವವನು ಕಣ್ಣೆದುರಿನ ಮಗುವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಗೋಖಲೆ ಈ ಪ್ರಶ್ನೆಯನ್ನು ಬೇರೆ ಬದಿಯಿಂದ ಎತ್ತಿಕೊಂಡರು. ಮಿಷನರಿಯ ಬದುಕಿನಲ್ಲಿ ಅವರಿಗೆ ಹಿಡಿಸುವಂಥದ್ದು ಬಹಳವಿತ್ತು: ಬಡತನದ ಒಪ್ಪಿಗೆ, ಜೀವಮಾನದ ದುಡಿಮೆ, ದೂರದೂರಿನಲ್ಲಿ ನೆಲೆ ನಿಲ್ಲುವ ಛಲ. 1905ರ ಜೂನ್ 12ರಂದು ಪುಣೆಯಲ್ಲಿ ಭಾರತ ಸೇವಕ ಸಮಾಜ ಹುಟ್ಟಿದಾಗ, ದೇಶಸೇವೆಗೆ ರಾಷ್ಟ್ರೀಯ ಮಿಷನರಿಗಳನ್ನು ತಯಾರು ಮಾಡುವುದೇ ಅದರ ಗುರಿಯೆಂದು ಬರೆದಿಟ್ಟರು. ಸೇರುವವರಿಗೆ ಐದು ವರ್ಷದ ತರಬೇತಿ, ಏಳು ಪ್ರತಿಜ್ಞೆ. ಸಂಸಾರಕ್ಕೆ ಸಮಾಜ ಕೊಟ್ಟಷ್ಟರಲ್ಲೇ ತೃಪ್ತಿ. ಜಾತಿ, ಮತ ನೋಡದೆ ಎಲ್ಲ ಭಾರತೀಯರೂ ಸೋದರರು. ಬಾಸೆಲ್ ಕಾರ್ಖಾನೆಯ ಬೇಲಿ ಈ ಪ್ರತಿಜ್ಞೆಯಲ್ಲಿ ಬಿದ್ದುಹೋಗಿದೆ.

ದಿನಕರ ದೇಸಾಯಿ ಈ ಸಮಾಜ ಸೇರಿ ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದರು. ಊರಿನ ಗೇಣಿ ರೈತರ ಗೋಳು ಅವರನ್ನು ಅಲ್ಲಿ ಸುಮ್ಮನಿರಗೊಡಲಿಲ್ಲ. ಹಾಲಕ್ಕಿ ಒಕ್ಕಲಿಗರಂಥ ಸಣ್ಣ ಗೇಣಿದಾರರನ್ನು ಸಂಘಟಿಸಿ ಒಡೆಯರ ಎದುರು ನಿಲ್ಲಿಸಿದರು. 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಐದು ವರ್ಷ ಹುಟ್ಟೂರಿನ ಮಣ್ಣು ಮೆಟ್ಟುವಂತಿರಲಿಲ್ಲ. ಹಿಂತಿರುಗಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಅದರ ಹಲವು ಶಾಲೆಗಳ ಹೆಸರು ಜನತಾ ವಿದ್ಯಾಲಯ. ದೇವರ ಹೆಸರಲ್ಲ, ದಾನಿಯ ಹೆಸರಲ್ಲ, ಜನತೆಯ ಹೆಸರು. ಚುಟುಕದ ಕವಿಯೆಂದು ನಾಡು ಅವರನ್ನು ನೆನೆಯುತ್ತದೆ. ನನಗೆ ಅವರು ಈ ಜಿಲ್ಲೆ ಕಂಡ ಅತಿ ದೊಡ್ಡ ಮಿಷನರಿ.

ಹಾಗಾದರೆ ಇಗರ್ಜಿ? ವಿದೇಶಿ ಮಿಷನರಿಗಳು ಬಡವರ ಸೇವೆಗಷ್ಟೇ ನಿಲ್ಲದೆ ಅದನ್ನು ಮತಾಂತರದ ಮೆಟ್ಟಿಲು ಮಾಡಿಕೊಂಡರೆ ಹೊರಟುಹೋಗಲಿ ಎಂದು ಗಾಂಧೀಜಿ 1931ರಲ್ಲಿ ನೇರವಾಗಿ ಬರೆದಿದ್ದರು. ಆ ಮಾತು ಹಲವರನ್ನು ನೋಯಿಸಿತು. ನಂಬಿದ್ದನ್ನು ಹೇಳುವ ಹಕ್ಕು ಎಲ್ಲರಿಗೂ ಇದೆ, ಸಂವಿಧಾನವೂ ಅದನ್ನು ಕೊಟ್ಟಿದೆ. ಆದರೆ ಕಾಯಿಲೆಯವನ ಹಾಸಿಗೆ ಬದಿ ಅದಕ್ಕೆ ಜಾಗವಲ್ಲ. ಮದ್ದು ಕೊಡುವ ಕೈಗೆ ಬೇರೆ ಲೆಕ್ಕ ಇರಕೂಡದು. ಇದು ನನ್ನ ನಿಲುವು.

ಬೇರೆ ಲೆಕ್ಕವಿಲ್ಲದ ಅಂಥ ಕೆಲಸ ಈ ಜಿಲ್ಲೆಯಲ್ಲೇ ನಡೆದದ್ದುಂಟು. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಥೋಲಿಕರ ಕಾರವಾರ ಧರ್ಮಪ್ರಾಂತ್ಯ ಹುಟ್ಟಿತು. ಅದರ ವ್ಯಾಪ್ತಿಯ ಕಾಡಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳಲ್ಲಿ, ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಮುಂಡಗೋಡದ ಲೊಯೊಲಾ ವಿಕಾಸ ಕೇಂದ್ರದ ಜೆಸ್ಯೂಟರು ಇವರ ನಡುವೆ ಕೆಲಸಕ್ಕಿಳಿದಾಗ, ಕ್ರೈಸ್ತ ಸಿದ್ದಿಯನ್ನಷ್ಟೇ ಎತ್ತುವುದು ಸಾಧ್ಯವಿರಲಿಲ್ಲ. ಜಮೀನಿನ ಹಕ್ಕು, ಜೀತದ ಸಾಲ, ಶಾಲೆ, ಯಾವುದಕ್ಕೂ ಮತದ ಗಡಿ ಇರಲಿಲ್ಲ. ಮೂರೂ ಧರ್ಮದ ಸಿದ್ದಿಗಳು ಒಂದೇ ಬೇಡಿಕೆ ಹಿಡಿದು ನಿಂತರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆ ಸ್ಥಾನ ಕೊಡುವಾಗ ಕಾನೂನು ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ಕೇಳುವುದಿಲ್ಲ.