ಗಾಳಿಯನ್ನು ಗಾಳಿಸುವ ವಿಚಾರ

ಕನ್ನಡದಲ್ಲಿ ಗಾಳಿ ಎಂಬ ನಾಮಪದಕ್ಕೂ ಗಾಳಿಸು ಎಂಬ ಕ್ರಿಯಾಪದಕ್ಕೂ ರೂಪಸಾಮ್ಯವುಂಟೇ ಹೊರತು ಸಂಬಂಧವಿಲ್ಲ. ಮೊದಲನೆಯದು ತಮಿಳಿನ ಕಾಲ್, ತೆಲುಗಿನ ಗಾಲಿ ಎಂಬವುಗಳ ಬಳಗದ್ದು. ಎರಡನೆಯದು ಸಂಸ್ಕೃತದ ಗಾಲನದಿಂದ ಬಂದುದು, ಸೋಸುವುದೆಂದು ಅದರ ಅರ್ಥ. ಬಟ್ಟೆಯಲ್ಲಿ ಸೋಸಿದ ಚೂರ್ಣವನ್ನು ವೈದ್ಯರು ವಸ್ತ್ರಗಾಳಿತವೆನ್ನುವರು. ಮೋಟಾರು ವಾಹನಗಳ ಹೊಗೆಯಿಂದ ಕೆಟ್ಟ ಗಾಳಿಯನ್ನೇ ಗಾಳಿಸಬೇಕಾದ ಪ್ರಸಂಗವು ಈಗ ಒದಗಿರುವುದರಿಂದ ಈ ಎರಡು ಶಬ್ದಗಳು ಒಂದೆಡೆ ಕೂಡಿವೆ. ಆದರೆ ವಸ್ತ್ರಗಾಳಿತದ ಕಲ್ಪನೆಯನ್ನು ಹಾಗೆಯೇ ಗಾಳಿಗೆ ಅನ್ವಯಿಸಿದಲ್ಲಿ ಪ್ರಮಾದವುಂಟಾಗುವುದು.

ಕೆಟ್ಟ ಗಾಳಿಯ ವಿಚಾರವು ಪ್ರಾಚೀನರಿಗೆ ತಿಳಿಯದುದಲ್ಲ. ಚರಕಸಂಹಿತೆಯ ವಿಮಾನಸ್ಥಾನದ 3ನೆಯ ಅಧ್ಯಾಯದಲ್ಲಿ ಜನಪದಗಳ ನಾಶಕ್ಕೆ ವಾಯು, ಜಲ, ದೇಶ, ಕಾಲಗಳ ವಿಕಾರವೇ ಕಾರಣವೆಂದು ಹೇಳಿ, ದುಷ್ಟವಾಯುವಿನ ಲಕ್ಷಣಗಳಲ್ಲಿ ಮರಳು, ಧೂಳು, ಹೊಗೆಗಳನ್ನು ಎಣಿಸಿದೆ. ಈ ನಾಲ್ಕರಲ್ಲಿ ಒಂದಕ್ಕಿಂತ ಮುಂದಿನದು ತಪ್ಪಿಸಿಕೊಳ್ಳಲು ಹೆಚ್ಚು ಕಠಿನವೆಂದೂ ಅಲ್ಲಿ ಹೇಳಿರುವುದರಿಂದ, ಗಾಳಿಯೇ ಎಲ್ಲಕ್ಕಿಂತ ಸುಲಭಪರಿಹಾರ್ಯವೆಂದಾಯಿತು. ಗಾಳಿ ಬೀಸದ ಮನೆಯೊಳಗೆ ಸೇರಿದರೆ ಸಾಕೆಂಬುದು ಈ ಕ್ರಮದ ಆಶಯವಾಗಿರಬೇಕು. ಸುಶ್ರುತನಾದರೋ ಸೂತ್ರಸ್ಥಾನದಲ್ಲಿ ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು, ಏದುಸಿರು, ಸೀನು, ಕೆಮ್ಮು, ಕಣ್ಣುರಿ ಎಂದು ಸ್ಪಷ್ಟವಾಗಿ ವರ್ಣಿಸುತ್ತಾನೆ. ಇವೆಲ್ಲ ಕಣ್ಣಿಗೆ ಕಾಣುವ ಹೊಗೆಯ ಮಾತು.

ಕಾಣದ ಧೂಳಿನ ಗತಿ ಬೇರೆ. ಬಾಗಲಕೋಟೆಯ ವಿದ್ಯಾಗಿರಿಯು ಹೆಸರಿಗೆ ತಕ್ಕಂತೆ ವಿದ್ಯಾಲಯಗಳ ನೆಲೆ. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿಯೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಗಾಳಿಯನ್ನು ನಿರಂತರವಾಗಿ ಅಳೆಯುವ ಕೇಂದ್ರವೊಂದನ್ನು ಅಲ್ಲಿ ಇರಿಸಿದೆ. ಇಂತಹ ಕೇಂದ್ರಗಳು ಮುಖ್ಯವಾಗಿ ಗಮನಿಸತಕ್ಕದ್ದು 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು, ಎಂದರೆ ತಲೆಗೂದಲಿನ ದಪ್ಪದ ಸುಮಾರು 30ರಲ್ಲಿ 1 ಪಾಲಿನವುಗಳನ್ನು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರಬಲ್ಲವು. ಕೆಮ್ಮು ಸೀನುಗಳ ಮುನ್ಸೂಚನೆಯಿಲ್ಲದೆಯೇ ವರ್ಷಗಳ ಮೇಲೆ ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರುಗಳಿಗೆ ಕಾರಣವಾಗುವುದೇ ಇವುಗಳ ಕ್ರೌರ್ಯ. ಡೀಸೆಲ್ ಹೊಗೆಯು ಕ್ಯಾನ್ಸರುಕಾರಕವೆಂದು ವಿಶ್ವಸಂಸ್ಥೆಯ ಪರಿಣತರು 2012ರಲ್ಲಿ ನಿರ್ಣಯಿಸಿದರು. ಒಂದು ಘನಮೀಟರು ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿಯು 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ 2009ರ ನಿಯಮ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ಆ ಮಿತಿ 5 ಮಾತ್ರ. ನಿಯಮಬದ್ಧವಾದುದೆಲ್ಲ ನಿರಪಾಯವೆಂದು ತಿಳಿಯಲಾಗದು.

ಹುನಗುಂದ ಇಳಕಲ್ಲುಗಳ ಬಳಿ 50ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ದೊಡ್ಡ ರಸ್ತೆಯ ಹೊಗೆಯ ಪ್ರಭಾವವು 300ರಿಂದ 500 ಮೀಟರುಗಳವರೆಗೆ ವ್ಯಾಪಿಸುವುದೆಂದೂ ಅದು ಮಕ್ಕಳ ಆಸ್ತಮಾವನ್ನು ಕೆರಳಿಸುವುದೆಂದೂ 2010ರಲ್ಲಿ ಅಮೆರಿಕದ ತಜ್ಞಮಂಡಲಿಯೊಂದು ಸಾಧಿಸಿತು. ರಸ್ತೆಗೆ ಬಂದವರು ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿಯುವರು. ನೀರಿನ ವಿಷಯದಲ್ಲಿ ಈ ಉಪಾಯವು ಸಾರ್ಥಕ: ಬಾಂಗ್ಲಾದೇಶದಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ರೋಗಾಣುಗಳು ಅಂಟಿಕೊಂಡಿರುವ ಜಲಜೀವಿಗಳು ನೂಲಿನ ಸಂದಿಗಿಂತ ದೊಡ್ಡವಾದುದೇ ಅದಕ್ಕೆ ಕಾರಣ. ಹೊಗೆಯ ಕಣಕ್ಕೆ ಅದೇ ಸಂದಿ ಊರ ಬಾಗಿಲಿನಂತೆ.

ಹಾಗಾದರೆ ಯಂತ್ರಗಳ ಶೋಧಕವು ಇನ್ನೂ ಸಣ್ಣ ರಂಧ್ರದ ಸಾಣಿಗೆಯೋ? ಅಲ್ಲ. ಅದು ಒತ್ತಾದ ಎಳೆಗಳ ಕಾಡು. ಭಾರವಾದ ಕಣವು ಗಾಳಿಯೊಡನೆ ತಿರುಗಲಾರದೆ ಎಳೆಗೆ ಬಡಿದು ಅಂಟುತ್ತದೆ. ಅತಿ ಸೂಕ್ಷ್ಮವಾದುದು ಅಣುಗಳ ತಾಡನದಿಂದ ಅತ್ತಿತ್ತ ಅಲೆದು ಅಂಟುತ್ತದೆ. ಹಿಡಿಯಲು ಕಷ್ಟವಾದುದು ನಡುವಿನದು, ಸುಮಾರು 0.3 ಮೈಕ್ರಾನಿನದು; ಉತ್ತಮ ಶೋಧಕವು ಅದರಲ್ಲಿಯೂ ಶೇಕಡಾ 99.97ನ್ನು ತಡೆಯುವುದು. ಎನ್-95 ಮುಖಕವಚವು ಎಳೆಗಳ ವಿದ್ಯುದಾವೇಶದಿಂದ ಶೇಕಡಾ 95ನ್ನು ಹಿಡಿಯುತ್ತದೆ, ಕೆನ್ನೆಯ ಬಳಿ ಸಂದು ಬಿಡದೆ ಕಟ್ಟಿಕೊಂಡಲ್ಲಿ. ಆದುದರಿಂದ ಇಲ್ಲಿ ಗಾಳಿಸು ಎಂಬುದಕ್ಕಿಂತ ಅಂಟಿಸು ಎಂಬುದೇ ಯಥಾರ್ಥವಾದ ಕ್ರಿಯಾಪದ.

ಎಳೆಗಳಿಗೂ ಸಿಕ್ಕದುದು ಅನಿಲ. ವಾಹನಗಳ ನೈಟ್ರೋಜನ್ ಡೈಆಕ್ಸೈಡ್ ಇಂತಹ ಶೋಧಕವನ್ನು ನಿರಾತಂಕವಾಗಿ ದಾಟುತ್ತದೆ. ಅದಕ್ಕೆ ಸಂಸ್ಕರಿಸಿದ ಇದ್ದಿಲಿನ ಪದರ ಬೇಕು, ಅದೂ ತುಂಬಿದ ಮೇಲೆ ನಿಷ್ಫಲ. ಕದ ಮುಚ್ಚಿದ ಕೋಣೆಯಲ್ಲಿ ಯಂತ್ರವಿಟ್ಟವನಿಗೆ ಮಾತ್ರ ಚರಕನ ಕ್ರಮವು ಇಂದಿಗೂ ಹೊಂದುತ್ತದೆ. ಹೆದ್ದಾರಿಯ ಅಂಚಿನಲ್ಲಿ ಹಗಲೆಲ್ಲ ಅಂಗಡಿ ತೆರೆದು ಕುಳಿತವನಿಗೆ ವಾಯುವೂ ದೇಶದಷ್ಟೇ ದುಷ್ಪರಿಹಾರ್ಯ.