ಮಳೆಗಾಲದ ಕಡಲು

ಕಡಲು ಯಾವ ತಿಂಗಳುಗಳಲ್ಲಿ ಬರಿದಾಗಿರುತ್ತದೆಂದು ನಮ್ಮ ವಿದ್ಯಾರ್ಥಿನಿಯರನ್ನು ಕೇಳಿದರೆ, ಮಳೆಗಾಲದಲ್ಲಿ ಎಂದೇ ಅವರು ಉತ್ತರ ಕೊಡುತ್ತಾರೆ. ದಡಕ್ಕೆಳೆದು ಮಡಲು ಹೊದಿಸಿದ ದೋಣಿಗಳನ್ನೂ, ಒಣಮೀನೇ ಗತಿಯಾದ ಅಡಿಗೆಮನೆಯನ್ನೂ ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ಸಂಗತಿಯು ಇದಕ್ಕೆ ವಿರುದ್ಧವಾಗಿದೆ. ಆ ತಿಂಗಳುಗಳಲ್ಲಿಯೇ ಅರಬ್ಬೀ ಸಮುದ್ರದ ನಮ್ಮ ಅಂಚಿಗೆ ಉಣಿಸು ದೊರೆಯುವುದು.

ಸುಮಾರು ೩೮ ಲಕ್ಷ ಚದರ ಕಿಲೋಮೀಟರ್ ವಿಸ್ತಾರವುಳ್ಳ ಈ ಸಮುದ್ರವನ್ನು ಮೂರು ದಿಕ್ಕುಗಳಲ್ಲಿ ನೆಲವು ಆವರಿಸಿದೆ. ಬೇಸಗೆಯಲ್ಲಿ ನೆಲವು ನೀರಿಗಿಂತ ಬೇಗನೆ ಕಾಯುವುದರಿಂದ ಗಾಳಿಯು ಕಡಲಿನಿಂದ ನೆಲದ ಕಡೆಗೆ ತಿರುಗುತ್ತದೆ. ನಮ್ಮ ತೀರದ ಬಳಿ ಅದು ವಾಯವ್ಯದಿಂದ ಬೀಸುತ್ತಾ ಮೇಲುನೀರನ್ನು ದಕ್ಷಿಣಕ್ಕೆ ತಳ್ಳುತ್ತದೆ. ಭೂಮಿಯು ತಿರುಗುತ್ತಿರುವ ಕಾರಣ, ಉತ್ತರಾರ್ಧ ಗೋಳದಲ್ಲಿ ಹೀಗೆ ತಳ್ಳಲ್ಪಟ್ಟ ನೀರು ಬಲಕ್ಕೆ ವಾಲುವುದು. ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ಬಲಗಡೆ ಪಶ್ಚಿಮವಲ್ಲವೇ? ಮೇಲುನೀರು ತೀರವನ್ನು ಬಿಟ್ಟು ಸರಿಯಲು, ಅದರ ಸ್ಥಳವನ್ನು ತುಂಬುವುದಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಕೇರಳದ ದಕ್ಷಿಣದಲ್ಲಿ ಈ ಕಾರ್ಯವು ಬಲವಾಗಿಯೂ ಉತ್ತರಕ್ಕೆ ಬಂದಂತೆ ಮಂದವಾಗಿಯೂ ನಡೆಯುತ್ತದೆ.

ಆಳದ ನೀರು ಬರಿಗೈಯಲ್ಲಿ ಬರುವುದಿಲ್ಲ. ಮೇಲಿನಿಂದ ಉದುರಿದ ಜೀವಿಗಳ ಅವಶೇಷಗಳು ಕೊಳೆತು ಉಂಟಾದ ಸತ್ವವು ಅದರಲ್ಲಿ ತುಂಬಿರುತ್ತದೆ, ಗದ್ದೆಗೆ ಗೊಬ್ಬರವಿದ್ದಂತೆ. ಅದು ಬೆಳಕಿರುವ ಪದರಕ್ಕೆ ಬಂದೊಡನೆ, ಬರಿಗಣ್ಣಿಗೆ ಕಾಣದ ಡಯಾಟಮ್ ಎಂಬ ಸಸ್ಯಗಳು ಅಪಾರವಾಗಿ ಬೆಳೆಯುತ್ತವೆ. ಬೂತಾಯಿಗೆ ಇವೇ ಮುಖ್ಯ ಆಹಾರ. ಅದು ಮೊಟ್ಟೆಯಿಡುವುದೂ ಈ ಕಾಲದಲ್ಲಿಯೇ. ಮರಿಗಳು ಒಂದು ವರ್ಷದೊಳಗೆ ಸುಮಾರು ೧೫ ಸೆಂಟಿಮೀಟರ್ ಬೆಳೆಯುತ್ತವೆ. ಮಳೆ ಹಿಂದೆಗೆದ ಮೇಲೆ ನಾವು ಸವಿಯುವ ಪುಳಿಮುಂಚಿಯು ಕಡಲಿನೊಳಗೆ ಸಿದ್ಧವಾಗತೊಡಗುವುದು ಬಿರುಗಾಳಿಯ ದಿನಗಳಲ್ಲಿ!

ಆದರೆ ಆಳದ ನೀರಿನಲ್ಲಿ ಆಮ್ಲಜನಕವು ಬಹಳ ಕಡಿಮೆ. ಅದು ಅತಿಯಾಗಿ ಮೇಲೇರಿದರೆ ಮೀನುಗಳು ಆ ಪ್ರದೇಶವನ್ನೇ ಬಿಟ್ಟು ಹೋಗುತ್ತವೆ. ತೀರ ಮಂದವಾದರೆ ಆಹಾರವಿಲ್ಲ. ಆದುದರಿಂದ ಬೂತಾಯಿಯ ಬರವನ್ನು ನಂಬುವಂತಿಲ್ಲ. ಮಿತಿಯಿಲ್ಲದ ಬಲೆಯೂ ಇದಕ್ಕೆ ಸೇರಿದರೆ ಹೇಳಬೇಕಾದುದೇ ಇಲ್ಲ. ೧೯೪೩ರಲ್ಲಿ ಮದರಾಸು ಸರ್ಕಾರವು ಬೂತಾಯಿಯ ಮರಿಗಳನ್ನು ಹಿಡಿಯುವುದಕ್ಕೆ ತಡೆ ಹಾಕಿ, ೧೯೪೭ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಕೇರಳದ ತೀರದಲ್ಲಿ ೨೦೧೨ರಲ್ಲಿ ಸುಮಾರು ೩.೯ ಲಕ್ಷ ಟನ್ ದೊರೆತ ಈ ಮೀನು ೨೦೨೧ರಲ್ಲಿ ೩,೩೦೦ ಟನ್ನಿನಷ್ಟಕ್ಕೆ ಇಳಿಯಿತು. ೨೦೧೫ರ ಎಲ್ ನಿನೋದಿಂದ ಕಡಲು ಬಿಸಿಯಾದುದೂ ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಬೂತಾಯಿ ಬಾರದ ವರ್ಷ ಕಡಲತಡಿಯ ಮನೆಗಳಿಂದ ಶಾಲೆಯ ಶುಲ್ಕವೂ ತಡವಾಗುವುದನ್ನು ನಾವು ಬಲ್ಲೆವು.

ನಮ್ಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಂತ್ರದೋಣಿಗಳಿಗಿರುವ ೬೧ ದಿನಗಳ ನಿಷೇಧವು ಈ ಕಾರಣಗಳಿಂದ ಅರ್ಥವುಳ್ಳದ್ದು. ಆ ಅವಧಿಯಲ್ಲಿ ಕೂಲಿಯಿಲ್ಲದವರ ಕಷ್ಟವೂ ಅಷ್ಟೇ ನಿಜ. ೧೦ ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಕೂಡದೆಂದು ಕೇರಳದಲ್ಲಿ ನಿಯಮವುಂಟು. ಬುಟ್ಟಿಯ ಮುಂದೆ ಕುಳಿತ ತಾಯಂದಿರಿಗೆ ಅದನ್ನು ಅಳೆಯಲು ಮಗಳ ಶಾಲೆಯ ಚೀಲದಲ್ಲಿರುವ ಅಡಿಕೋಲೇ ಸಾಕು.